ಗಾಡಿಯ ಕಾಗದ ಈಗ ಎಲ್ಲಿದೆ, ನಿಮಗೆ ಗೊತ್ತೇ?

ಸೋದರಿಯರೇ, ನಿಮ್ಮ ಮನೆಯ ಸ್ಕೂಟರಿಗೆ ಟ್ಯಾಕ್ಸ್ ಕಟ್ಟಿದ ರಸೀದಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ತಟ್ಟನೆ ಹೇಳಬಲ್ಲಿರಾ? ಹದಿನೈದು ವರ್ಷದ ಹಿಂದೆಯಾಗಿದ್ದರೆ ನಾನು ಹೇಳುತ್ತಿದ್ದೆ. ಬೀರುವಿನ ಮೇಲಿನ ಅರೆಯಲ್ಲಿ, ಧಾರೆ ಸೀರೆಯ ಕೆಳಗೆ, ಮಕ್ಕಳ ಜಾತಕದ ಜೊತೆಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ನಮ್ಮವರು ಹೊರಡುವಾಗ "ಏನೇ, ಆರ್.ಸಿ. ಕೊಡು" ಎಂದರೆ ತೆಗೆದುಕೊಡುವವಳು ನಾನೇ. ಈಗ ಅವರು ಕೇಳುವುದೇ ಇಲ್ಲ. ಎಲ್ಲಾ ಮೊಬೈಲಿನಲ್ಲಿದೆಯಂತೆ!

ಇದರಿಂದ ಸುಖವಾಗಿದೆ, ಇಲ್ಲ ಅನ್ನೋದಿಲ್ಲ. ಗಾಡಿಯ ನೋಂದಣಿ, ಟ್ಯಾಕ್ಸು, ಇನ್ಶೂರೆನ್ಸು ಇವೆಲ್ಲ ಈಗ 'ವಾಹನ್' ಎಂಬ ಕೇಂದ್ರ ಸರ್ಕಾರದ ಕಂಪ್ಯೂಟರ್ ದಾಖಲೆಯಲ್ಲಿ ಸೇರುತ್ತವೆ. 2018ರಲ್ಲಿ ಸಾರಿಗೆ ಸಚಿವಾಲಯವು ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸುವ ದಾಖಲೆಗಳನ್ನು ಮೂಲ ಕಾಗದಕ್ಕೆ ಸಮನೆಂದು ಒಪ್ಪಬೇಕೆಂದು ರಾಜ್ಯಗಳಿಗೆ ತಿಳಿಸಿತು. 2020ರ ಅಕ್ಟೋಬರ್ 1ರಿಂದ ನಿಯಮವನ್ನೇ ತಿದ್ದಿದರು. ಕಂಪ್ಯೂಟರಿನಲ್ಲಿ ದಾಖಲೆ ಸರಿಯಾಗಿ ಸಿಕ್ಕರೆ ದಾರಿಯಲ್ಲಿ ಕಾಗದ ತೋರಿಸಿ ಎಂದು ಪೋಲೀಸರು ಕೇಳುವಂತಿಲ್ಲ. ಆದರೆ ಒಂದು ಮಾತು. ಆರ್.ಸಿ.ಯ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡರೆ ಅದು ದಾಖಲೆಯಾಗದು. ನಮ್ಮ ಬೀದಿಯಲ್ಲೇ ಎಷ್ಟೋ ಜನ ಹಾಗೆ ತಿಳಿದಿದ್ದಾರೆ.

ನನಗೆ ಇದೆಲ್ಲ ಗೊತ್ತಾದದ್ದು ನಮ್ಮ ಅಕ್ಕನ ಮನೆಯ ಸಂಗತಿಯಿಂದ. 2023ರ ಫೆಬ್ರವರಿಯಲ್ಲಿ ಭಾವ ತೀರಿಕೊಂಡರು. ಮನೆಯಲ್ಲಿ ಉಳಿದದ್ದು ಅವರು 2009ರಲ್ಲಿ ಕೊಂಡ ಸ್ಕೂಟರು. ಅಕ್ಕನ ಮಗಳು ಅದರಲ್ಲೇ ಒಂಬತ್ತು ಕಿಲೋಮೀಟರು ದೂರದ ಶಾಲೆಗೆ ಪಾಠ ಹೇಳಲು ಹೋಗುತ್ತಾಳೆ. ಗಾಡಿ, ಇನ್ಶೂರೆನ್ಸು ಎರಡೂ ಹೋದವರ ಹೆಸರಿನಲ್ಲೇ ಇದ್ದವು. ಇರಲಿ, ವರ್ಷಾಬ್ದಿಕ ಕಳೆಯಲಿ ಎಂದುಕೊಂಡೆವು. ಸಾವನ್ನು 30 ದಿನಗಳೊಳಗೆ ಸಾರಿಗೆ ಕಛೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಅರ್ಜಿ ಕೊಡಬೇಕು ಎಂದು ಆ ದುಃಖದಲ್ಲಿ ನಮಗೆ ಯಾರು ಹೇಳಬೇಕು?

ಕೊನೆಗೆ ಮಗಳು ಕಂಪ್ಯೂಟರಿನ ಮುಂದೆ ಕೂತಳು. ಒ.ಟಿ.ಪಿ. ಕಳಿಸಿದ್ದೇವೆ ಎಂದಿತು ಅದು. ಯಾರಿಗೆ? ಭಾವನ ನಂಬರಿಗೆ! ಆ ಸಿಮ್ ರೀಚಾರ್ಜ್ ಇಲ್ಲದೆ ನಿಂತು ಎಷ್ಟೋ ತಿಂಗಳಾಗಿತ್ತು. ಸರಿ, ಕಛೇರಿಗೇ ಹೋದರು. ಅಲ್ಲಿ ಇನ್ನೊಂದು ಕಷ್ಟ. ಪರದೆಯ ಮೇಲೆ ಗಾಡಿ ಇದೆ, ಭಾವನ ಹೆಸರಿದೆ, ಟ್ಯಾಕ್ಸ್ ಕಟ್ಟಿದ ಜಾಗ ಮಾತ್ರ ಖಾಲಿ. ಕೊಂಡಾಗಲೇ ಒಂದೇ ಸಲಕ್ಕೆ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಿದ್ದರು ಎಂದು ಅಕ್ಕ ಎಷ್ಟು ಹೇಳಿದರೇನು? "ಅಮ್ಮಾ, ಸಿಸ್ಟಮ್‌ನಲ್ಲಿ ಬರ್ತಿಲ್ಲ. ರಸೀದಿ ಇದ್ರೆ ತನ್ನಿ, ಇಲ್ಲಾಂದ್ರೆ ಕಟ್ಟಬೇಕಾಗುತ್ತೆ" ಎಂದರಂತೆ ಗುಮಾಸ್ತರು.

ಹಿಂದಿನ ದೀಪಾವಳಿಯಲ್ಲಿ ಮನೆ ಸಾರಿಸಿ ಗುಡಿಸುವಾಗ ಸೊಸೆ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತೆಗೆದು, "ಅತ್ತೆ, ಇವೆಲ್ಲ ಈಗ ಕಂಪ್ಯೂಟರಿನಲ್ಲಿರುತ್ತೆ. ಹಂಡೆ ಒಲೆಗೆ ಹಾಕಲಾ?" ಎಂದಿದ್ದಳು. ಅಕ್ಕ ಒಪ್ಪಿರಲಿಲ್ಲ. "ಅವರು ಜೋಪಾನ ಮಾಡಿಟ್ಟದ್ದು ಕಣೇ" ಎಂದಿದ್ದಳಷ್ಟೆ. ಅದೇ ಡಬ್ಬಿಯಲ್ಲಿ, ಹಳೆಯ ಕರೆಂಟು ಬಿಲ್ಲುಗಳ ನಡುವೆ, ಮಡಿಕೆಯಲ್ಲಿ ಹರಿಯುವಂತಾದ ರಸೀದಿ ಸಿಕ್ಕಿತು. ಅಕ್ಷರ ಮಾಸಿತ್ತು, ಆದರೂ ನಂಬರು ಓದಲು ಬರುತ್ತಿತ್ತು. ಕಛೇರಿಯವರು ತಮ್ಮ ಹಳೆಯ ರಿಜಿಸ್ಟರಿಗೆ ಹೋಲಿಸಿ ನೋಡಿ ಕಂಪ್ಯೂಟರಿಗೆ ಸೇರಿಸಿಕೊಟ್ಟರು. ಮೂರು ಸಲ ಅಲೆದಾಟವಾಯಿತು, ತಡವಾದದ್ದಕ್ಕೆ ದಂಡವೂ ಬಿತ್ತು. ಟ್ಯಾಕ್ಸನ್ನು ಎರಡನೇ ಸಲ ಕಟ್ಟುವುದು ಮಾತ್ರ ತಪ್ಪಿತು.

ಕಾಗದಕ್ಕೆ ಇನ್ನೊಂದು ಗುಣವೂ ಇತ್ತು, ಕಣ್ಣಿಗೆ ಬೀಳುತ್ತಿತ್ತು. ನಮ್ಮ ಮೈದುನನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ 1921ರಿಂದ ಕಾರಿನ ಮುಂದಿನ ಗಾಜಿಗೆ ಟ್ಯಾಕ್ಸಿನ ಗುಂಡು ಚೀಟಿ ಅಂಟಿಸುತ್ತಿದ್ದರಂತೆ, ಯಾವಾಗ ಮುಗಿಯುತ್ತದೆಂದು ಅದರ ಮೇಲೇ ಬರೆದಿರುತ್ತಿತ್ತು. 2014ರ ಅಕ್ಟೋಬರ್ 1ರಿಂದ ಅದನ್ನು ತೆಗೆದು ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸಿದರು. ಅಲ್ಲಿನ ಸರ್ಕಾರ ರಸ್ತೆಯಲ್ಲಿ ಗಾಡಿ ಎಣಿಸಿ ನೋಡಿದಾಗ, 2013ರಲ್ಲಿ ನೂರಕ್ಕೆ 0.6ರಷ್ಟಿದ್ದ ಟ್ಯಾಕ್ಸ್ ಇಲ್ಲದ ಗಾಡಿಗಳು 2015ರಲ್ಲಿ 1.4 ಆಗಿದ್ದವು. ಅಷ್ಟು ಶಿಸ್ತಿನವರ ಗತಿಯೇ ಹೀಗಾದರೆ ನಮ್ಮದೇನು ಹೇಳಿ! ನಾನಂತೂ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗಾಡಿಯ ಇನ್ಶೂರೆನ್ಸ್ ಮುಗಿಯುವ ದಿನವನ್ನೂ ಬರೆದಿದ್ದೇನೆ.

ಮಧ್ಯಾಹ್ನ ಬಿಡುವಾದಾಗ ನೀವೂ ಒಂದು ಗಳಿಗೆ ಮೊಬೈಲ್ ಹಿಡಿದು ನೋಡಿ. ಗಾಡಿಯ ದಾಖಲೆಯಲ್ಲಿ ಯಾರ ಮೊಬೈಲ್ ನಂಬರಿದೆ? ಎಷ್ಟೋ ಕಡೆ ಶೋರೂಮಿನವರದೋ ಏಜೆಂಟರದೋ ಇರುತ್ತದೆ. ಬದಲಾಯಿಸಲು ಚಾಸಿ ನಂಬರು, ಎಂಜಿನ್ ನಂಬರು ಬೇಕು, ಅವು ಆರ್.ಸಿ.ಯಲ್ಲೇ ಇರುತ್ತವೆ. ಆಧಾರಿನಲ್ಲಿ ಪೂರ್ತಿ ಹೆಸರು, ಆರ್.ಸಿ.ಯಲ್ಲಿ ಬರೀ ಇನಿಷಿಯಲ್ ಇದ್ದರೆ ಡಿಜಿಲಾಕರ್ ತಕರಾರು ಮಾಡಬಹುದು, ಅದನ್ನೂ ನೋಡಿಕೊಳ್ಳಿ. ಹಳೇ ಗಾಡಿಯನ್ನು ಯಾರಿಗೋ ಮಾರಿದ್ದೀರಾ? ಫಾರಂ 29, 30 ಕೊಟ್ಟು ಹೆಸರು ಬದಲಾಯಿತೇ ಎಂದು ಖಾತ್ರಿ ಮಾಡಿಕೊಳ್ಳಿ. ದಾಖಲೆಯಲ್ಲಿ ಹೆಸರಿದ್ದವನೇ ಮಾಲೀಕ, ಅಪಘಾತವಾದರೆ ಹೊಣೆಯೂ ಅವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೊಸ ಗಾಡಿ ಕೊಳ್ಳುವವರು ನಾಮಿನಿಯ ಹೆಸರನ್ನೂ ಬರೆಸಬಹುದು, 2021ರಿಂದ ಆ ಸೌಕರ್ಯವಿದೆ. "ನನ್ನ ಹೆಸರು ಹಾಕಿಸ್ರೀ" ಎಂದು ಯಜಮಾನರನ್ನು ಕೇಳಲು ಸಂಕೋಚವೇಕೆ?

ಅಕ್ಕನ ಸ್ಕೂಟರು ಈಗ ಅವಳ ಹೆಸರಿಗೇ ಬಂದಿದೆ. ಒ.ಟಿ.ಪಿ.ಯೂ ಅವಳ ಮೊಬೈಲಿಗೇ ಬರುತ್ತದೆ, ಕನ್ನಡಕ ಹುಡುಕಿಕೊಂಡು ಓದಿ ಹೇಳುತ್ತಾಳೆ. ರಸೀದಿ ಮತ್ತೆ ತಗಡಿನ ಡಬ್ಬಿಗೆ ಹೋಗಿದೆ. ಈ ಸಲ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿಕೊಟ್ಟವಳು ಸೊಸೆ.