ತುಂಗೆಯ ಕಣಿವೆಯ ಕಾಲುದಾರಿ: ಎರಡು ಕಾದಂಬರಿಗಳ ಅಧ್ಯಯನಕ್ಕೆ ಒಂದು ಪೀಠಿಕೆ

ಕೃತಿಯಲ್ಲಿ ಬರುವ ಪ್ರಕೃತಿವರ್ಣನೆಯನ್ನು ಕಥೆಗೆ ತೊಡಿಸಿದ ಆಭರಣವೆಂದು ಭಾವಿಸುವುದು ನಮ್ಮ ತರಗತಿಗಳಲ್ಲಿ ರೂಢಿಯಾಗಿದೆ. ಅಷ್ಟಾದಶ ವರ್ಣನೆಗಳ ಪರಂಪರೆಯಿಂದ ಬಂದ ಈ ದೃಷ್ಟಿ ಆಧುನಿಕ ಕಾದಂಬರಿಗೆ ಸಾಲದು. ನೆಲದ ರಚನೆಯೇ ಕಥೆಯ ರಚನೆಯನ್ನು ನಿರ್ಧರಿಸುವುದೂ ಉಂಟು. ತೀರ್ಥಹಳ್ಳಿಯ ಸುತ್ತಣ ತುಂಗೆಯ ಕಣಿವೆಯಲ್ಲಿ ಕಾಲ್ನಡಿಗೆಯಿಂದ ಸಂಚರಿಸಿದವರಿಗೆ ಈ ಮಾತು ಸುಲಭವಾಗಿ ಮನದಟ್ಟಾಗುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967), ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಎಂಬ ಎರಡು ಕಾದಂಬರಿಗಳನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳುತ್ತೇವೆ.

ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಶೃಂಗೇರಿಯನ್ನು ಹಾದು ತೀರ್ಥಹಳ್ಳಿಗೆ ಬಂದು, ಮುಂದೆ ಶಿವಮೊಗ್ಗವನ್ನು ದಾಟಿ ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತದೆ. 1904ರಲ್ಲಿ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಅನಂತಮೂರ್ತಿಯವರು 1932ರಲ್ಲಿ ಜನಿಸಿದ್ದು ಅದೇ ತಾಲ್ಲೂಕಿನ ಮೇಳಿಗೆಯಲ್ಲಿ. ನೆಲ ಒಂದೇ, ಅದರಿಂದ ಮೂಡಿದ ಕಥನಕ್ರಮಗಳು ಮಾತ್ರ ಎರಡು.

ನಡಿಗೆಯನ್ನು ಕುಪ್ಪಳಿಯಿಂದ ಆರಂಭಿಸುವುದು ಯುಕ್ತ. ಅಂಗಳದ ಸುತ್ತ ಕಟ್ಟಿದ ದೊಡ್ಡ ಚೌಕಿಮನೆಯ ಹಿಂದಿನ ಗುಡ್ಡವನ್ನೇರಿದರೆ ಕವಿಶೈಲ. 1994ರಲ್ಲಿ ನಿಧನರಾದ ಕವಿಯ ಸಮಾಧಿ ಇರುವುದು ಇಲ್ಲಿಯೇ. ಇಲ್ಲಿಂದ ನೋಡಿದರೆ ಕಾಡು ಹೊದ್ದ ಮಲೆಗಳ ಸಾಲು ಸಾಲು. ನಡುನಡುವೆ ತಗ್ಗಿನಲ್ಲಿ ಗದ್ದೆ, ಅಡಕೆಯ ತೋಟ, ಅದರಂಚಿಗೆ ಒಂದು ಮನೆ. ಬಯಲುಸೀಮೆಯಂತೆ ಮನೆಗಳು ಒತ್ತಾಗಿ ಸೇರಿ ಊರಾಗುವುದು ಇಲ್ಲಿ ವಿರಳ. ಮನೆಗೂ ಮನೆಗೂ ನಡುವೆ ಏರು, ಇಳಿವು, ಹಳ್ಳ, ಕಾಡು. ಅವನ್ನು ಕೂಡಿಸುವುದು ಕಾಲುದಾರಿ.

‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ವಿನ್ಯಾಸದ ರಹಸ್ಯ ಈ ನೋಟದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಸಿಂಬಾವಿ, ಬೆಟ್ಟಳ್ಳಿ, ಮೇಗರವಳ್ಳಿ ಮುಂತಾಗಿ ಚದರಿದ ನೆಲೆಗಳ ಬದುಕು ಅಲ್ಲಿ ಏಕಕಾಲದಲ್ಲಿ ಸಾಗುತ್ತದೆ. ಒಂದರ ಸುದ್ದಿ ಇನ್ನೊಂದನ್ನು ಮುಟ್ಟಬೇಕಾದರೆ ಯಾರಾದರೂ ನಡೆಯಲೇಬೇಕು. ಹಾಗೆ ನಡೆಯುವವನು ಸಿಂಬಾವಿಯ ಜೀತದಾಳು ಗುತ್ತಿ. ಅವನ ಜೊತೆಗೆ ಹುಲಿಯನೆಂಬ ನಾಯಿ. ಸಮಾಜದ ಕೆಳಗಿನ ಮೆಟ್ಟಲಲ್ಲಿರುವವನೇ ಕಥೆಯನ್ನು ಹೊಲಿಯುವ ಸೂತ್ರವಾಗುತ್ತಾನೆ. ಈ ಕೃತಿಯಲ್ಲಿ ಕಥಾನಾಯಕನನ್ನು ಹುಡುಕಿ ಸೋಲುವ ವಿದ್ಯಾರ್ಥಿ ಮೊದಲು ದಾರಿಗಳನ್ನು ಗುರುತಿಸಿಕೊಳ್ಳುವುದು ಲೇಸು.

‘ಸಂಸ್ಕಾರ’ದ ದೂರ್ವಾಸಪುರ ಇದಕ್ಕೆ ವಿರುದ್ಧವಾದ ರಚನೆ. ಅದು ಅಗ್ರಹಾರ, ಎದುರುಬದುರು ಮನೆಗಳ ಒಂದೇ ಬೀದಿ. ನಾರಣಪ್ಪನ ಸಾವು ಕ್ಷಣದಲ್ಲಿ ಎಲ್ಲರ ಮನೆಯ ಬಿಕ್ಕಟ್ಟಾಗುತ್ತದೆ. ಶವಸಂಸ್ಕಾರವಾಗುವತನಕ ಯಾರಿಗೂ ಊಟವಿಲ್ಲ. ಆ ಬೀದಿಗೆ ಹೊರಗೆಂಬುದು ಕಾಡು ಮತ್ತು ಹೊಳೆ ಮಾತ್ರ. ಪ್ರಾಣೇಶಾಚಾರ್ಯರ ಬಾಳಿನ ತಿರುವು ಅಗ್ರಹಾರದೊಳಗೆ ಆಗದೆ ಕಾಡಿನಲ್ಲಿ ಆಗುವುದು ಆಕಸ್ಮಿಕವಲ್ಲ. ಬಳಿಕ ಅವರೂ ನಡೆಯುತ್ತಾರೆ. ಆದರೆ ಗುತ್ತಿಯಂತೆ ಗುರಿಯಿಟ್ಟಲ್ಲ. ದಾರಿಯಲ್ಲಿ ಜೊತೆಯಾದ ಪುಟ್ಟ ಅವರನ್ನು ಮೇಳಿಗೆಯ ಜಾತ್ರೆಗೆ ಕರೆದೊಯ್ಯುತ್ತಾನೆ. ಒಬ್ಬನಿಗೆ ದಾರಿ ಸಂಬಂಧಗಳನ್ನು ಕೂಡಿಸಿದರೆ, ಇನ್ನೊಬ್ಬರಿಗೆ ಅದೇ ದಾರಿ ಹಳೆಯ ಸಂಬಂಧಗಳಿಂದ ಬಿಡಿಸುತ್ತದೆ.

ತೀರ್ಥಹಳ್ಳಿಗೆ ಅನತಿದೂರದ ಚಿಬ್ಬಲಗುಡ್ಡೆಯನ್ನೂ ನೋಡತಕ್ಕದ್ದು. ಹೊಳೆಯ ದಡದಲ್ಲಿ ಗಣಪತಿಯ ಗುಡಿ. ಕೆಳಗಿನ ಮಡುವಿನಲ್ಲಿ ಹಿಂಡುಹಿಂಡಾಗಿ ಮೀನುಗಳು. ಅವು ದೇವರ ಮೀನುಗಳು, ಹಿಡಿಯಬಾರದು ಎಂಬುದು ನಂಬಿಕೆ. ಗಣಪತಿಯ ಸನ್ನಿಧಿಯ ಮೀನನ್ನು ನಾರಣಪ್ಪ ಹಿಡಿದನೆಂಬ ಸಂಗತಿ ಅಗ್ರಹಾರವನ್ನು ಅಷ್ಟೇಕೆ ನಡುಗಿಸಿತೆಂಬುದು ಈ ಮಡುವನ್ನು ಕಂಡವರಿಗೆ ಟಿಪ್ಪಣಿಯ ಸಹಾಯವಿಲ್ಲದೆ ತಿಳಿಯುತ್ತದೆ.

ಕೊನೆಗೆ ಹೊಳೆಯ ಮಾತು. ತೀರ್ಥಹಳ್ಳಿಯ ರಾಮತೀರ್ಥದಲ್ಲಿ ಪರಶುರಾಮನು ಕೊಡಲಿಯನ್ನು ತೊಳೆದನೆಂಬುದು ಐತಿಹ್ಯ. ಬೇಸಗೆಯಲ್ಲಿ ಬಂಡೆಗಳ ನಡುವೆ ಶಾಂತವಾಗಿ ಹರಿಯುವ ತುಂಗೆ ಮಳೆಗಾಲದ ನೆರೆಯಲ್ಲಿ ಅಲ್ಲಿಯ ಕಲ್ಲುಮಂಟಪವನ್ನೇ ಮುಳುಗಿಸುತ್ತದೆ. ಈಗ ಸೇತುವೆಯ ಮೇಲೆ ನಿಮಿಷದಲ್ಲಿ ದಾಟುವ ನಮಗೆ, ದೋಣಿಯೊಂದೇ ಗತಿಯಾಗಿದ್ದ ಹತ್ತೊಂಬತ್ತನೆಯ ಶತಮಾನದ ಕೊನೆಯ ದಿನಗಳ ಭಯ ಊಹೆಗೆ ನಿಲುಕದು. ದಾಟುವ ದೋಣಿಯ ಹಿಂದೆ ಈಜಿ ಬಂದ ಹುಲಿಯ ಪ್ರವಾಹದ ಪಾಲಾಗುವ ಪ್ರಸಂಗವನ್ನು ಕೇವಲ ಕರುಣರಸದ ಸನ್ನಿವೇಶವೆಂದು ಓದಿದರೆ ಅರ್ಧ ಓದಿದಂತೆ. ಆ ಕಾಲದ ಮಲೆನಾಡಿಗೆ ಹೊಳೆ ಒಂದು ಗಡಿ. ಆಚೆ ದಡ ಬೇರೆಯ ಬಾಳು. ಗಡಿ ದಾಟುವುದಕ್ಕೆ ತೆರಬೇಕಾದ ಬೆಲೆಯನ್ನು ಅಲ್ಲಿ ಅತ್ಯಂತ ನಿರಪರಾಧಿಯಾದ ಜೀವ ತೆರುತ್ತದೆ.

ಆದರೆ ಒಂದು ಎಚ್ಚರಿಕೆ ಅವಶ್ಯ. ಮೇಗರವಳ್ಳಿ, ಮೇಳಿಗೆಗಳು ನಕ್ಷೆಯಲ್ಲಿವೆ, ದೂರ್ವಾಸಪುರ ಕಲ್ಪನೆಯದು. ಇದು ಇಂಥ ಮನೆ, ಅದು ಇಂಥ ಕಟ್ಟೆ ಎಂದು ಬೆರಳಿಟ್ಟು ತೋರಿಸುವುದು ಸಾಹಿತ್ಯವಿಮರ್ಶೆಯಲ್ಲ. ಮನೆಯಿಂದ ಮನೆಗೆ ಎಷ್ಟು ಹೊತ್ತು, ಯಾರಿಗೆ ಯಾವ ದಾರಿ ತೆರೆದಿತ್ತು, ಹೊಳೆ ಯಾರನ್ನು ತಡೆಯಿತು ಎಂಬ ಪ್ರಶ್ನೆಗಳೊಡನೆ ವಿದ್ಯಾರ್ಥಿಗಳು ಒಂದು ದಿನ ಈ ಕಣಿವೆಯಲ್ಲಿ ನಡೆದರೆ, ವರ್ಣನೆಯೆಂದು ಬಿಟ್ಟು ಓದಿದ ಪುಟಗಳಿಗೆ ಅವರು ತಾವಾಗಿಯೇ ಮರಳುವರೆಂದು ನಾವು ನಂಬುತ್ತೇವೆ.