ಬರಿಯ ಚೌಕಟ್ಟಿನಿಂದ ಬೆಟ್ಟದ ಬೈಸಿಕಲ್ಲು

ಪೆರಿಯನಾಯಕನಪಾಳ್ಯದ ಮಕ್ಕಳಿಗೆ ಬೈಸಿಕಲ್ಲು ಹೊಸ ವಸ್ತುವಲ್ಲ. ಆದರೆ ಪಾಲಮಲೆಯ ಬುಡದ ಕಲ್ಲುಹಾದಿಗೆ ತಕ್ಕ ದಪ್ಪ ಟೈರಿನ ಬೈಸಿಕಲ್ಲನ್ನು, ಬರಿಯ ಚೌಕಟ್ಟು ಕೊಂಡು ತಾವೇ ಜೋಡಿಸಬೇಕೆಂಬ ಹಂಬಲ ಹಿರಿಯ ವಿದ್ಯಾರ್ಥಿಗಳಿಗೆ ಇರುವುದುಂಟು. ಹಂಬಲವು ಸ್ತುತ್ಯವೇ ಸರಿ. ಆದರೆ ಹಣವೂ ಹಲ್ಲೂ ಉಳಿಯಬೇಕಾದರೆ ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರುವುದು ಲೇಸು.

ಈ ಬಗೆಯ ಬೈಸಿಕಲ್ಲು ಹುಟ್ಟಿದ್ದೇ ಜೋಡಣೆಯಿಂದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಕೆಲವು ತರುಣರು ಹಳೆಯ ದಪ್ಪ ಟೈರಿನ ಬೈಸಿಕಲ್ಲುಗಳಿಗೆ ಬೇರೆ ಬೇರೆ ಬಿಡಿಭಾಗಗಳನ್ನು ತೊಡಿಸಿ ಬೆಟ್ಟವಿಳಿಯತೊಡಗಿದರು. 1976ರಲ್ಲಿ ಆರಂಭವಾದ ಅವರ ಪಂದ್ಯಕ್ಕೆ ‘ರೀಪ್ಯಾಕ್’, ಅಂದರೆ ‘ಮರಳಿ ತುಂಬು’, ಎಂದು ಹೆಸರು. ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು; ಮರಳಿ ತುಂಬದೆ ವಿಧಿಯಿರಲಿಲ್ಲ. 1977ರಲ್ಲಿ ಜೋ ಬ್ರೀಝ್ ಎಂಬುವರು ಬೆಟ್ಟಕ್ಕೆಂದೇ ಹೊಸ ಚೌಕಟ್ಟನ್ನು ನಿರ್ಮಿಸಿದರು.

ಯಾವ ಬಿಡಿಭಾಗ ಹೊಂದುವುದೆಂಬುದನ್ನು ನಿರ್ಧರಿಸುವುದು ಚೌಕಟ್ಟೇ. ಆದುದರಿಂದ ಮೊದಲು ಅಳತೆ, ಆಮೇಲೆ ಅಂಗಡಿ. 1962ರಲ್ಲಿ ಲಕ್ಷ್ಮೀ ಮೆಷಿನ್ ವರ್ಕ್ಸ್ ಎಂಬ ಹೆಸರಿನಿಂದ ಸ್ಥಾಪಿತವಾದ ಕಂಪನಿ ನೂಲುವ ಯಂತ್ರಗಳನ್ನು ತಯಾರಿಸುವ ಈ ಊರಿನಲ್ಲಿ ವರ್ನಿಯರ್ ಹಿಡಿಯಬಲ್ಲ ತಂದೆಯರಿಗೆ ಕೊರತೆಯಿಲ್ಲ. ಮಕ್ಕಳು ಅವರ ನೆರವನ್ನು ಪಡೆಯಲಿ. ಹಿಂದಿನ ಹಬ್ಬು ಕೂರುವ ಎಡೆ 135 ಮಿಲಿಮೀಟರ್ ಇರುವುದು ರೂಢಿ. ಹೊಸ ಚೌಕಟ್ಟುಗಳಲ್ಲಿ 142 ಮತ್ತು 148 ಸಹ ಉಂಟು. ಚಕ್ರದ ವಿಷಯದಲ್ಲಂತೂ ಮೋಸಹೋಗುವುದು ಸುಲಭ. ಸಾಮಾನ್ಯ ಸೈಕಲ್ಲಿನ 26 × 1⅜ ಅಂಗುಲದ ಟೈರು ಕೂರುವ ರಿಮ್ಮಿನ ವ್ಯಾಸ 590 ಮಿಲಿಮೀಟರ್. ಬೆಟ್ಟದ ಬೈಸಿಕಲ್ಲಿನ 26 × 1.95ರದು 559. ಎರಡರ ಮೇಲೂ ‘26’ ಎಂದೇ ಅಚ್ಚಾಗಿದ್ದರೂ ಒಂದರ ಟೈರು ಇನ್ನೊಂದಕ್ಕೆ ಕೂರದು.

ಇನ್ನು ತಿರುಪಿನ ಮಾತು. ಪೆಡಲಿನ ಅಚ್ಚು ತಿರುಗುವ ಕೊಳವೆಯೊಳಗೆ ಎರಡು ಬಟ್ಟಲುಗಳನ್ನು ತಿರುಪಬೇಕು. ರೂಢಿಯ ಇಂಗ್ಲಿಷ್ ಮಾದರಿಯಲ್ಲಿ ಬಲಗಡೆಯ ಬಟ್ಟಲು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಪಿದರೆ ಬಿಗಿಯಾಗುತ್ತದೆ. ಎಡ ಪೆಡಲೂ ಹಾಗೆಯೇ. ಇದೇಕೆ? ಬೆರಳುಗಳ ಸಡಿಲ ಉಂಗುರದೊಳಗೆ ಪೆನ್ಸಿಲನ್ನು ಇಟ್ಟು, ಅದರ ತುದಿಯನ್ನು ವೃತ್ತಾಕಾರವಾಗಿ ಆಡಿಸಿ ನೋಡಿರಿ: ಪೆನ್ಸಿಲು ಎದುರು ದಿಕ್ಕಿಗೆ ತಾನೇ ಹೊರಳುತ್ತದೆ. ತುಳಿಯುವ ಭಾರ ಸುತ್ತುತ್ತಿರುವಾಗ ತಿರುಪಿನಲ್ಲಿಯೂ ಇದೇ ಸಂಭವಿಸುತ್ತದೆ. ಅದು ಸಡಿಲವಾಗುವ ಬದಲು ಬಿಗಿಯಾಗಲೆಂದೇ ಈ ಏರ್ಪಾಡು. ಇದನ್ನರಿಯದೆ ಬಲವಂತವಾಗಿ ತಿರುಪಿದರೆ ಚೌಕಟ್ಟಿನ ಸುತ್ತುಗಳು ಕಿತ್ತುಹೋಗುತ್ತವೆ. ಕೊಂಡ ಚೌಕಟ್ಟು ಗುಜರಿಗೇ ಸರಿ. ಮೊದಲ ಎರಡು ಸುತ್ತು ಬರಿಗೈಯಿಂದ ಸಲೀಸಾಗಿ ಹೋಗದಿದ್ದರೆ ಸ್ಪ್ಯಾನರನ್ನು ಮುಟ್ಟಲೇಬಾರದು.

ಚಕ್ರದ ಕಡ್ಡಿಗಳನ್ನು ಬಿಗಿಯುವುದು ಪಳಗಿದ ಕೈಯ ಕೆಲಸ. ಅದನ್ನು ಸೈಕಲ್ ಅಂಗಡಿಯವರಿಗೇ ಬಿಡುವುದು ಮೇಲೆಂದು ನಮ್ಮ ಅಭಿಪ್ರಾಯ. ಸರಪಳಿಯನ್ನು ಹಿಂದಿನ ಮುಂದಿನ ದೊಡ್ಡ ಹಲ್ಲುಚಕ್ರಗಳ ಮೇಲೆ ಸುತ್ತಿ, ಒಂದಂಗುಲ ಹೆಚ್ಚಿಗೆ ಬಿಟ್ಟು ತುಂಡರಿಸಬೇಕು.

ಕಡೆಯದು ಬ್ರೇಕು. ಹೆತ್ತವರು ಖುದ್ದಾಗಿ ಪರೀಕ್ಷಿಸಬೇಕಾದುದು ಇದನ್ನೇ. ಬೈಸಿಕಲ್ಲಿನ ಪಕ್ಕದಲ್ಲಿ ನಿಂತು ಮುಂದಿನ ಬ್ರೇಕನ್ನು ಒತ್ತಿ ಹಿಡಿದು ಮುಂದಕ್ಕೆ ನೂಕಿರಿ. ಚಕ್ರ ಉರುಳಕೂಡದು, ಹ್ಯಾಂಡಲಿನ ಬುಡದಲ್ಲಿ ಕಟಕಟ ಸದ್ದೂ ಕೇಳಕೂಡದು. ಹೊಸ ತಂತಿ ಮೊದಲ ಕೆಲವು ದಿನಗಳಲ್ಲಿ ಸಡಿಲವಾಗುವುದರಿಂದ, ಒಂದು ವಾರ ಸಮತಟ್ಟಾದ ಬೀದಿಯಲ್ಲಿ ಓಡಿಸಿ, ತಂತಿಯನ್ನೂ ಪೆಡಲಿನ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿಮಾಡಿದ ಮೇಲೆಯೇ ಇಳಿಜಾರಿಗೆ ಹೋಗತಕ್ಕದ್ದು. ಅದೂ ಊರಿನ ದಾರಿಗಳಲ್ಲಿ ಮಾತ್ರ. ಕಾಡಿನ ಹಾದಿ ಆನೆಗಳದು.