ಲಾರಿ ಡ್ರೈವರನ ತಪ್ಪು ಅವನ ಊರಿಗೂ ತಿಳಿಯಬೇಕು



ಮಾಲು ಹೇರುವ ಹೊತ್ತಿಗೆ ನಾವು ನೋಡುವುದೇನು? ಟಾರ್ಪಾಲು ಗಟ್ಟಿಯಾಗಿದೆಯೇ, ಬಾಡಿಗೆ ಎಷ್ಟು, ಬೆಳಗಾಗುವುದರೊಳಗೆ ಮಂಡಿ ಮುಟ್ಟೀತೇ, ಇಷ್ಟೇ. ಡ್ರೈವರು ಹೊರರಾಜ್ಯದಲ್ಲಿ ಎಷ್ಟು ಸಲ ತಪ್ಪು ಮಾಡಿ ಸಿಕ್ಕಿಬಿದ್ದಿದ್ದಾನೆ ಅಂತ ಕೇಳುವವರುಂಟೆ? ಕೇಳಿದರೂ ಹೇಳುವವರು ಯಾರು? ಈ ತೊಡಕಿಗೆ ಅಮೆರಿಕ ದೇಶದವರು ಒಂದು ದಾರಿ ಮಾಡಿಕೊಂಡಿದ್ದಾರೆ.

ಅಲ್ಲಿ ಲೈಸೆನ್ಸು ಕೊಡುವುದು ಆಯಾ ರಾಜ್ಯದ ಕಚೇರಿ. ಹಿಂದೆ ಕೆಲವು ಡ್ರೈವರುಗಳು ಬೇರೆ ಬೇರೆ ರಾಜ್ಯಗಳಲ್ಲಿ ಒಂದೊಂದು ಲೈಸೆನ್ಸು ಮಾಡಿಸಿಟ್ಟುಕೊಳ್ಳುತ್ತಿದ್ದರು. ಒಂದರ ಮೇಲೆ ತಪ್ಪು ಬಿದ್ದರೆ ಜೇಬಿನಿಂದ ಇನ್ನೊಂದನ್ನು ತೆಗೆಯುವುದು! ತಪ್ಪುಗಳು ಹಂಚಿಹೋಗಿ, ಯಾವ ಕಚೇರಿಯ ಕಡತ ನೋಡಿದರೂ ಆಸಾಮಿ ಸಾಚಾ. 1986ರ ಕಾಯಿದೆ ಇದಕ್ಕೆ ಕಡಿವಾಣ ಹಾಕಿತು. ಭಾರಿ ಗಾಡಿಯ ಡ್ರೈವರಿಗೆ ಒಂದೇ ಲೈಸೆನ್ಸು, ಅದೂ ತಾನು ವಾಸವಿರುವ ರಾಜ್ಯದಿಂದ. (ಸ್ವಂತ ಬೆಳೆ ಸಾಗಿಸುವ ರೈತನಿಗೆ ಜಮೀನಿನಿಂದ 150 ಮೈಲಿಯೊಳಗೆ ರಾಜ್ಯಗಳು ವಿನಾಯಿತಿ ಕೊಡಬಹುದು.)

ಅಯೋವಾ ರಾಜ್ಯದವನೊಬ್ಬ ಮುಸುಕಿನ ಜೋಳ ಹೇರಿಕೊಂಡು ಇಲಿನಾಯ್‌ಗೆ ಹೋದ, ಮಿತಿಗಿಂತ ಗಂಟೆಗೆ 15 ಮೈಲಿ ಹೆಚ್ಚು ಓಡಿಸಿ ಸಿಕ್ಕಿಬಿದ್ದ ಅನ್ನಿ. ತಪ್ಪಿತಸ್ಥ ಅಂತ ತೀರ್ಮಾನವಾದ 10 ದಿನದೊಳಗೆ ಇಲಿನಾಯ್‌ನವರು ಅಯೋವಾಕ್ಕೆ ತಿಳಿಸಬೇಕು. ಡ್ರೈವರು ತಾನೂ 30 ದಿನದಲ್ಲಿ ಮಾಲೀಕನಿಗೆ ಹೇಳಬೇಕು. ಮೂರು ವರ್ಷದೊಳಗೆ ಇಂಥ ಗಂಭೀರ ತಪ್ಪು ಎರಡಾದರೆ 60 ದಿನ, ಮೂರಾದರೆ 120 ದಿನ ಭಾರಿ ಗಾಡಿ ಮುಟ್ಟುವ ಹಾಗಿಲ್ಲ. ಯಾವ ರಾಜ್ಯದಲ್ಲಾದರೂ ಲೆಕ್ಕ ಒಂದೇ. 'ಪಾಪ, ಹೊಟ್ಟೆಪಾಡು' ಅಂತ ತಪ್ಪನ್ನು ಕಡತದಿಂದ ಮರೆಮಾಡುವುದಕ್ಕೂ ಅಡ್ಡಿಯಿದೆ. ಇದು ಸರಿ ಅಂತಲೇ ನನ್ನ ಎಣಿಕೆ. ಎದುರು ಬರುವವನಿಗೂ ಹೆಂಡತಿ ಮಕ್ಕಳಿದ್ದಾರಲ್ಲ.

ಆದರೆ ಕಾಗದ ಬಂದರೆ ಸಾಲದು, ಬಂದದ್ದನ್ನು ಓದಬೇಕು. 2019ರ ಜೂನ್ 21ರಂದು ನ್ಯೂ ಹ್ಯಾಂಪ್‌ಷೈರ್‌ನ ರ್‍ಯಾಂಡಾಲ್ಫ್‌ನಲ್ಲಿ ಟ್ರೈಲರು ಎಳೆಯುತ್ತಿದ್ದ ಪಿಕಪ್ ಗಾಡಿಗೂ ಮೋಟಾರ್ ಸೈಕಲ್ ಗುಂಪಿಗೂ ಡಿಕ್ಕಿಯಾಗಿ 7 ಮಂದಿ ಸತ್ತರು. ಡ್ರೈವರನದು ಮ್ಯಾಸಚೂಸೆಟ್ಸ್ ಲೈಸೆನ್ಸು. ಹಿಂದಿನ ತಿಂಗಳು ಕನೆಕ್ಟಿಕಟ್‌ನಲ್ಲಿ ಅಮಲಿನ ಆರೋಪದ ಮೇಲೆ ಅವನನ್ನು ಹಿಡಿದಿದ್ದರು. ಪರೀಕ್ಷೆಗೆ ಒಪ್ಪಲಿಲ್ಲವೆಂಬ ಸುದ್ದಿಯನ್ನು ಅಲ್ಲಿಯವರು ಕಳಿಸಿಯೂ ಇದ್ದರು. ಮ್ಯಾಸಚೂಸೆಟ್ಸ್ ಕಚೇರಿಯಲ್ಲಿ ಅದರ ಮೇಲೆ ಕ್ರಮವೇ ಆಗಲಿಲ್ಲ. ಆಮೇಲೆ ಹುಡುಕಿದರೆ, ಹೊರರಾಜ್ಯಗಳಿಂದ ಬಂದ ಸಾವಿರಾರು ಕಾಗದಗಳು ಪೆಟ್ಟಿಗೆಗಳಲ್ಲಿ ಹಾಗೇ ಬಿದ್ದಿದ್ದವು! ಕಚೇರಿಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಡ್ರೈವರು ನಿರ್ದೋಷಿ ಎಂದು 2022ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು, ಅದು ಬೇರೆ ಮಾತು. ಲೈಸೆನ್ಸು ಅಮಾನತಾಗಿದ್ದರೆ ಆ ದಿನ ಅವನು ಸ್ಟೇರಿಂಗು ಹಿಡಿಯುವಂತೆಯೇ ಇರಲಿಲ್ಲ. 2024ರ ಆಗಸ್ಟ್ 22ರಿಂದ ರಾಜ್ಯಗಳು ಭಾರಿ ಗಾಡಿಯವರ ತಪ್ಪುಗಳನ್ನು ಕಂಪ್ಯೂಟರ್ ಜಾಲದಲ್ಲೇ ಕಳಿಸಬೇಕು ಅಂತ ನಿಯಮವಾಗಿದೆ.

ನಮ್ಮಲ್ಲೂ 2019ರ ತಿದ್ದುಪಡಿ ಮೋಟಾರು ವಾಹನ ಕಾಯಿದೆಗೆ ರಾಷ್ಟ್ರೀಯ ಲೈಸೆನ್ಸು ದಾಖಲೆಯ ಮಾತನ್ನು ಸೇರಿಸಿತು. ನೀವು ಲಾರಿ ಗೊತ್ತುಮಾಡುವಾಗ ಡ್ರೈವರನ ಲೈಸೆನ್ಸು ನಂಬರು, ಹುಟ್ಟಿದ ತಾರೀಖು ಕೇಳಿಕೊಳ್ಳಿ. ಮನೆಯ ಹುಡುಗರ ಕೈಲಿ ಪರಿವಾಹನ್ ಜಾಲತಾಣದಲ್ಲಿ ನೋಡಿಸಿದರೆ, ಅದು ಜಾರಿಯಲ್ಲಿದೆಯೋ ಇಲ್ಲವೋ ತಿಳಿಯುತ್ತದೆ.